ಹಂಸ ಫೇಲಾದ ವರ್ಷ

ಗಾಡಿ ಓಡುವುದು ಪೆಟ್ರೋಲಿನಿಂದ ಎಂದು ನಂಬಿರುವವರು ನಮ್ಮ ಊರಿಗೆ ಹೊಸದಾಗಿ ಬಂದವರು ಮಾತ್ರ. ಪೆಟ್ರೋಲನ್ನು ನಾವೂ ಹಾಕಿಸುತ್ತೇವೆ, ಬಂಕಿನವನೂ ಬದುಕಬೇಕಲ್ಲ. ಆದರೆ ಗಾಡಿ ಓಡುವುದು ಯೋಗ್ಯತಾ ಪತ್ರದಿಂದ. ವರ್ಷಕ್ಕೊಮ್ಮೆ ಹತ್ತಿ ಮಾರ್ಕೆಟ್ಟಿನ ಬಯಲಿನಲ್ಲಿ ತಪಾಸಣೆ ನಡೆಯುತ್ತದೆ. ಪಾಸಾದ ಗಾಡಿ ಮುಂದಿನ ತಪಾಸಣೆಯವರೆಗೆ ಓಡುತ್ತದೆ, ಫೇಲಾದ ಗಾಡಿ ಓಡುವುದಿಲ್ಲ. ಓಡಿಸಬಾರದು ಎಂದಲ್ಲ, ಓಡುವುದೇ ಇಲ್ಲ. ನೂರು ಸಲ ಒದ್ದರೂ ಕೆಮ್ಮುವುದು ಕೂಡ ಇಲ್ಲ. ತಳ್ಳಿಕೊಂಡು ಮನೆಗೆ ಹೋಗಬಹುದು, ಅಷ್ಟರ ಮಟ್ಟಿಗೆ ಇಲಾಖೆಗೆ ಕರುಣೆಯಿದೆ.

ಪಾಸಾದ ಗಾಡಿಗೆ ಮಾತ್ರ ಯಾವ ಕುಂದೂ ತಟ್ಟುವುದಿಲ್ಲ. ಪಿಸ್ಟನ್ ಸವೆದಿರಲಿ, ಕಾರ್ಬ್ಯುರೇಟರಿನೊಳಗೆ ಜೇಡ ಸಂಸಾರ ಹೂಡಿರಲಿ, ಪತ್ರದ ಮೇಲೆ ನೀಲಿ ಮುದ್ರೆ ಇದ್ದರೆ ಸಾಕು. ನನ್ನ ಸೋದರಮಾವನ ಗಾಡಿಯ ಎಂಜಿನ್ನನ್ನು ಯಾರೋ ಬಿಚ್ಚಿಕೊಂಡು ಹೋದ ಮೇಲೂ ಅವನು ನಾಲ್ಕು ತಿಂಗಳು ಅದರ ಮೇಲೆಯೇ ಕಚೇರಿಗೆ ಹೋಗಿಬಂದ. ಸದ್ದು ಕಡಿಮೆಯಾಯಿತೆಂದು ಸಂತೋಷಪಟ್ಟನೇ ಹೊರತು ದೂರು ಕೊಡಲಿಲ್ಲ.

ತಪಾಸಣೆಯ ನಮೂನೆಯಲ್ಲಿ ನಲವತ್ತೊಂದು ಪ್ರಶ್ನೆಗಳಿವೆ. ಅವನ್ನು ಬರೆದ ಮಹಾನುಭಾವರು ಬರೆಯುವ ಹೊತ್ತಿಗೆ ತಮ್ಮ ಸ್ವಂತ ಹಂಸ ಮೋಟಾರ್ ಸೈಕಲ್ಲನ್ನು ಕಿಟಕಿಯ ಹೊರಗೆ ನಿಲ್ಲಿಸಿಕೊಂಡಿದ್ದರು. ಮುಂದಿನ ದೀಪ ದುಂಡಗಿದೆಯೇ, ಕಿಕ್ಕರ್ ಬಲಗಡೆ ಇದೆಯೇ, ಟ್ಯಾಂಕಿನ ಮೇಲೆ ಎರಡು ರೆಕ್ಕೆಗಳಿವೆಯೇ, ಹೀಗೆ ಎಲ್ಲಕ್ಕೂ ‘ಇದೆ’ ಎನ್ನಬಲ್ಲ ಗಾಡಿ ಭೂಮಿಯ ಮೇಲೆ ಹಂಸ ಒಂದೇ. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಊರಿನ ಒಂದೇ ಒಂದು ಹಂಸವೂ ಫೇಲಾಗಿರಲಿಲ್ಲ. ಮಿಕ್ಕ ಗಾಡಿಗಳು ಹತ್ತು ಬಂದರೆ ಹತ್ತೂ ಬಿದ್ದುಹೋಗುತ್ತಿದ್ದವು.

ಹಂಸ ತಯಾರಿಸುತ್ತಿದ್ದ ಕಂಪನಿ ಬಾಗಿಲು ಹಾಕಿ ಹದಿನೆಂಟು ವರ್ಷವಾಗಿತ್ತು. ಅದರ ಬಿಡಿ ಭಾಗ ಎಲ್ಲಿಯೂ ಸಿಗುತ್ತಿರಲಿಲ್ಲ, ಅದರಲ್ಲೂ ಬ್ರೇಕ್ ಶೂ. ಊರಿನ ಮುನ್ನೂರು ಚಿಲ್ಲರೆ ಹಂಸಗಳಲ್ಲಿ ಬ್ರೇಕ್ ಒತ್ತಿದರೆ ಕಾಲಿಗೆ ವ್ಯಾಯಾಮವಾಗುತ್ತಿತ್ತು ಅಷ್ಟೆ. ಹದಿನೇಳನೆಯ ಪ್ರಶ್ನೆ ‘ಬ್ರೇಕ್ ರಾಡ್ ಇದೆಯೇ’ ಎಂದು ಕೇಳುತ್ತದೆ. ಬ್ರೇಕ್ ಹಿಡಿಯುತ್ತದೆಯೇ ಎಂದು ಕೇಳುವಷ್ಟು ಅಸಭ್ಯತೆ ಆ ನಮೂನೆಗಿಲ್ಲ. ಪತ್ರದಲ್ಲಿಯೂ ಬರೆದಿರುವುದು ‘ಓಡಲು ಯೋಗ್ಯ’ ಎಂದು. ನಿಲ್ಲುವ ವಿಷಯದಲ್ಲಿ ಇಲಾಖೆ ಯಾರಿಗೂ ಮಾತು ಕೊಟ್ಟಿಲ್ಲ.

ಊರು ಹೊಂದಿಕೊಂಡಿತು. ಪುರಸಭೆಯವರು ಪ್ರತಿ ಇಳಿಜಾರಿನ ಬುಡದಲ್ಲಿ ಮರಳು ಸುರಿಸಿದರು. ಚಮ್ಮಾರರು ಚಪ್ಪಲಿಗೆ ಲಾರಿ ಟಯರಿನ ಎರಡು ಪದರ ಹಾಕತೊಡಗಿದರು, ಎರಡೂ ಕಾಲನ್ನು ನೆಲಕ್ಕೆ ಉಜ್ಜಿಕೊಂಡು ಬರಲು ಅನುಕೂಲವಾಗಲೆಂದು. ವರನನ್ನು ನೋಡಲು ಹೋದವರು ಮೊದಲು ಅವನ ಮೊಣಕಾಲು ನೋಡಿ ಆಮೇಲೆ ಸಂಬಳ ಕೇಳುತ್ತಿದ್ದರು. ಊರಿನ ಕಡೆಯಿಂದಲೂ ಎದುರಿನ ಮೇಲ್ಕೇರಿ ಗುಡ್ಡದ ಕಡೆಯಿಂದಲೂ ಇಳಿಯುವ ದಾರಿಗಳು ಕೂಡುವ ತಗ್ಗಿನಲ್ಲಿ ಕೆಂಚಪ್ಪನ ಹಿಟ್ಟಿನ ಗಿರಣಿ ಇತ್ತು. ಅವನು ಗಿರಣಿಯ ಗೋಡೆಯುದ್ದಕ್ಕೂ ತೌಡಿನ ಮೂಟೆ ಪೇರಿಸಿಟ್ಟಿದ್ದ. ದಿನಕ್ಕೆ ನಾಲ್ಕೈದು ಹಂಸಗಳು ಬಂದು ಅದಕ್ಕೆ ಗುದ್ದುತ್ತಿದ್ದವು. ಕೆಂಚಪ್ಪ ಎದ್ದು ಬಂದು ಯಾರೆಂದು ನೋಡಿ, ‘ಕ್ಷೇಮವಾ’ ಎಂದು ವಿಚಾರಿಸಿ, ಮತ್ತೆ ಒಳಗೆ ಹೋಗಿ ರಾಗಿ ಬೀಸುತ್ತಿದ್ದ.

ಇನ್ನು ನಾನು. ನನ್ನ ಹೆಸರು ಶಂಭುಲಿಂಗ. ಹಳೆಯ ಹಂಸಗಳನ್ನು ಕೊಂಡು, ಬಣ್ಣ ಹೊಡೆದು, ಮಾರುವುದು ನನ್ನ ಕಸುಬು. ಅಂಗಡಿಯ ಮೇಲೆ ‘ಇಪ್ಪತ್ತೆರಡು ವರ್ಷ, ಒಂದೂ ಫೇಲಿಲ್ಲ’ ಎಂಬ ಬೋರ್ಡು ಹಾಕಿಸಿದ್ದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸುಳ್ಳು ಹೇಳುವ ಅಗತ್ಯವೇ ಬೀಳದ ವ್ಯಾಪಾರ ಎಷ್ಟು ಜನಕ್ಕೆ ಸಿಗುತ್ತದೆ?

ಇಂದುಮತಿ ಸಿಸ್ಟರ್ ನನ್ನ ಅಂಗಡಿಗೆ ಬಂದಿದ್ದು ಮಳೆಗಾಲ ಮುಗಿದ ಮೇಲೆ. ಅವರು ಬೇರೆ ಕಡೆಯಿಂದ ನಮ್ಮ ಆರೋಗ್ಯ ಕೇಂದ್ರಕ್ಕೆ ವರ್ಗವಾಗಿ ಬಂದ ನರ್ಸು. ಮೂವತ್ತೈದರ ಆಸುಪಾಸು, ಗಿಡ್ಡ ಆಳು, ಮಾತು ಕಡಿಮೆ. ಬರುವಾಗ ಅವರ ಇಲಾಖೆ ಕೊಟ್ಟ ತರಂಗ ಎಂಬ ಹೊಸ ಗಾಡಿಯನ್ನೂ ತಂದಿದ್ದರು. ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಬಟನ್ ಒತ್ತಿದರೆ ಸ್ಟಾರ್ಟು. ತಪಾಸಣೆಯಲ್ಲಿ ಅದು ಫೇಲಾಯಿತು. ದೀಪ ದುಂಡಗಿಲ್ಲ, ಕಿಕ್ಕರ್ ಇಲ್ಲ, ರೆಕ್ಕೆ ಇಲ್ಲ, ಬ್ರೇಕ್ ರಾಡಂತೂ ಇಲ್ಲವೇ ಇಲ್ಲ. ಒಮ್ಮೆ ಬ್ರೇಕ್ ಒತ್ತಿ ನೋಡಿ ಎಂದು ಅವರು ಕೇಳಿದ್ದಕ್ಕೆ ತಪಾಸಣಾಧಿಕಾರಿ ಚಿದಾನಂದಯ್ಯನವರು, ‘ಒತ್ತೋದಿರಲಿ, ರಾಡ್ ಎಲ್ಲಿದೆ ತೋರಿಸಮ್ಮ’ ಎಂದರಂತೆ. ಚಿದಾನಂದಯ್ಯ ಕೆಟ್ಟವರೆಂದು ತಿಳಿಯಬೇಡಿ. ಯಾರಿಂದಲೂ ಒಂದು ಲೋಟ ಟೀ ಕುಡಿದವರಲ್ಲ. ಅಷ್ಟು ಪ್ರಾಮಾಣಿಕರಾಗಿದ್ದರಿಂದಲೇ ನಮಗೆ ಇಷ್ಟು ಕಷ್ಟ.

ಅಂದಿನಿಂದ ಸಿಸ್ಟರ್ ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದರು. ಮೇಲ್ಕೇರಿಗೆ ಏಳು ಕಿಲೋಮೀಟರು. ಅವರು ತಲುಪುವಷ್ಟರಲ್ಲಿ ಡಬ್ಬಿಯೊಳಗಿನ ಐಸ್ ನೀರಾಗಿ, ಮದ್ದು ಕೆಟ್ಟು, ಅರ್ಧದಷ್ಟನ್ನು ಚೆಲ್ಲಬೇಕಾಗುತ್ತಿತ್ತು. ಎಂಟು ತಿಂಗಳು ಹೀಗೆ ನಡೆದ ಮೇಲೆ ಅವರೂ ಊರಿನವರಾದರು, ಅಂದರೆ ಹಂಸ ಕೊಳ್ಳಲು ಬಂದರು.

ಹಸಿರು ಬಣ್ಣ ಹೊಡೆದ ಒಂದನ್ನು ತೋರಿಸಿದೆ. ಅವರು ಸುತ್ತ ಒಂದು ಸಲ ಬಂದು, ಬಗ್ಗಿ, ಹಿಂದಿನ ಚಕ್ರದ ಹತ್ತಿರ ಕೂತರು.

“ಶಂಭಣ್ಣ, ಇದರ ಬ್ರೇಕ್ ಹಿಡಿಯುತ್ತಾ?”

“ಪಾಸಾಗುತ್ತೆ ಸಿಸ್ಟರ್.”

“ಬ್ರೇಕ್ ಹಿಡಿಯುತ್ತಾ ಅಂತ ಕೇಳಿದೆ.”

“ಇಪ್ಪತ್ತೆರಡು ವರ್ಷದಲ್ಲಿ ಒಂದೂ ಫೇಲಾಗಿಲ್ಲ. ಬೇಕಾದರೆ ಯಾರನ್ನಾದರೂ ಕೇಳಿ.”

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ರೋಗಿ ತನ್ನ ಕಾಯಿಲೆ ಮುಚ್ಚಿಡುತ್ತಿದ್ದಾನೆಂದು ಗೊತ್ತಾದಾಗ ನರ್ಸುಗಳು ನೋಡುವ ನೋಟ ಅದು. ಆಮೇಲೆ, “ಟಯರ್ ಚಪ್ಪಲಿ ಎಲ್ಲಿ ಸಿಗುತ್ತೆ?” ಎಂದರು. ನಾನು ಅಂಗಡಿ ತೋರಿಸಿದೆ. ಅಷ್ಟು ಸೌಜನ್ಯ ನನ್ನಲ್ಲಿತ್ತು.

ಎರಡು ವಾರ ಎಲ್ಲವೂ ಸರಿಯಾಗಿತ್ತು. ಮೂರನೆಯ ವಾರ ಮೇಲ್ಕೇರಿಯಲ್ಲಿ ಈರವ್ವ ಎಂಬ ಮುದುಕಿಯ ಮಗಳು ಹೊನ್ನವ್ವನಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಚೊಚ್ಚಲ ಹೆರಿಗೆ. ಮಗು ಅಡ್ಡ ತಿರುಗಿದೆಯೆಂಬ ಅನುಮಾನ ಬಂದು, ಆಸ್ಪತ್ರೆಗೆ ಒಯ್ಯಲೇಬೇಕೆಂದು ಸಿಸ್ಟರ್ ಅವಳನ್ನು ಹಿಂದೆ ಕೂರಿಸಿಕೊಂಡು, ಸೀರೆಯಿಂದ ತಮ್ಮ ಸೊಂಟಕ್ಕೇ ಕಟ್ಟಿಕೊಂಡು ಗುಡ್ಡ ಇಳಿದರು. ಹಗಲು ಹನ್ನೊಂದು ಗಂಟೆ. ನಾನು ಗಿರಣಿಯ ಎದುರಿನ ಟೀ ಅಂಗಡಿಯಲ್ಲಿದ್ದೆ, ಕಣ್ಣಾರೆ ನೋಡಿದೆ. ಹಸಿರು ಹಂಸ ತಿರುವಿನಿಂದ ಹೊರಬಂದಾಗಲೇ ಅದರ ವೇಗ ಮನುಷ್ಯರ ಕಾಲಿಗೆ ಸಿಗುವಂಥದ್ದಾಗಿರಲಿಲ್ಲ. ಸಿಸ್ಟರ್ ಎರಡೂ ಕಾಲು ನೆಲಕ್ಕೆ ಒತ್ತಿದ್ದರು, ಚಪ್ಪಲಿಯಿಂದ ಹೊಗೆ ಬರುತ್ತಿತ್ತು. ಮರಳಿನ ಗುಡ್ಡೆಯನ್ನು ಆ ವಾರ ಯಾರೋ ಮನೆ ಕಟ್ಟಲು ಹೊತ್ತುಕೊಂಡು ಹೋಗಿದ್ದರು. ಮೂಟೆಗಳ ಸಾಲು ಇನ್ನೇನು ಎದುರಿಗೆ ಬಂತು ಎನ್ನುವಾಗ ಅವರು ಒಂದು ಕೈಯಿಂದ ಸೀರೆಯ ಗಂಟು ಬಿಚ್ಚಿ, ಹ್ಯಾಂಡಲನ್ನು ಎಡಕ್ಕೆ ಎಳೆದರು. ಹೊನ್ನವ್ವ ತೌಡಿನ ಮೂಟೆಗಳ ಮೇಲೆ ಒರಗಿಕೊಂಡಂತೆ ಬಿದ್ದಳು. ಸಿಸ್ಟರ್ ಗಾಡಿಯ ಸಮೇತ ಗಿರಣಿಯ ಕಲ್ಲಿನ ಕಂಬಕ್ಕೆ ಹೋಗಿ ಬಡಿದರು.

ನಾವೆಲ್ಲ ಓಡಿದೆವು. ಸಿಸ್ಟರ್ ಎದ್ದು ಕೂತಿದ್ದರು, ಬಲಗೈ ಮಣಿಕಟ್ಟು ಮುರಿದು ಹಿಂದಕ್ಕೆ ಮಡಿಚಿಹೋಗಿತ್ತು. ತಮ್ಮ ಕೈಯನ್ನು ಒಮ್ಮೆಯೂ ನೋಡಿಕೊಳ್ಳದೆ, “ಅವಳನ್ನ ಒಳಗೆ ತಗೊಳ್ಳಿ. ಬಿಸಿನೀರು ಇಡಿ. ಕೆಂಚಪ್ಪನವರೇ, ಮೆಷಿನ್ ಆಫ್ ಮಾಡಿ,” ಎಂದರು. ಹಿಟ್ಟಿನ ಧೂಳು ಇನ್ನೂ ಇಳಿದಿರಲಿಲ್ಲ, ಗಿರಣಿಯ ಒಳಗೆ ಒಂದು ಹೆಣ್ಣು ಮಗು ಹುಟ್ಟಿತು. ಅಡ್ಡ ತಿರುಗಿದ್ದ ಮಗು ಬಿದ್ದ ಕುಲುಕಿಗೆ ನೇರವಾಯಿತು ಎಂದು ಆಮೇಲೆ ಜನ ಹೇಳಿದರು. ನಿಜ ಸಂಗತಿಯೆಂದರೆ ಸಿಸ್ಟರ್ ಮುರಿದ ಕೈಯನ್ನು ಎದೆಗೆ ಅವುಚಿಕೊಂಡು, ಎಡಗೈ ಒಂದರಿಂದಲೇ ಮುಕ್ಕಾಲು ಗಂಟೆ ಹೆಣಗಿದ್ದರು.

ಮರುದಿನ ನಮ್ಮ ಊರಿನ ಪತ್ರಿಕೆಯಲ್ಲಿ ‘ಹಂಸದ ಮೇಲೆ ಸುಖ ಪ್ರಸವ’ ಎಂದು ದಪ್ಪಕ್ಷರದಲ್ಲಿ ಬಂತು. ಅಪಘಾತದ ಸಮಯದಲ್ಲಿ ವಾಹನದ ಯೋಗ್ಯತಾ ಪತ್ರ ಜಾರಿಯಲ್ಲಿತ್ತು ಎಂದು ಇಲಾಖೆ ಹೆಮ್ಮೆಯಿಂದ ಪ್ರಕಟಣೆ ಕೊಟ್ಟಿತು. ಹಂಸದ ಬೇಡಿಕೆ ಇದ್ದಕ್ಕಿದ್ದಂತೆ ಏರಿತು. ನಾನು ಆ ಪತ್ರಿಕೆಯ ತುಂಡಿಗೆ ಗಾಜಿನ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದೆ. ಹೌದು, ಹಾಕಿದೆ. ನಾಚಿಕೆಯಾಗಲಿಲ್ಲವೇ ಎಂದು ನೀವು ಕೇಳಬಹುದು. ಆಗ ಗಿರಾಕಿಗಳು ಬಹಳ ಇದ್ದರು, ನಾಚಿಕೆಗೆ ಪುರುಸೊತ್ತು ಇರಲಿಲ್ಲ.

ಆದರೆ ಹದಿನೈದು ದಿನದ ಮೇಲೆ ಈರವ್ವ ಗುಡ್ಡದಿಂದ ನಡೆದುಕೊಂಡೇ ಇಳಿದು ಬಂದು ನನ್ನ ಮೇಜಿನ ಮೇಲೆ ಕರ್ಜಿಕಾಯಿಯ ಪೊಟ್ಟಣ ಇಟ್ಟಳು. “ನಿನ್ನ ಗಾಡಿ ಇಲ್ದಿದ್ರೆ ನನ್ನ ಮಗಳು ಉಳೀತಿರಲಿಲ್ಲ ಕಣಪ್ಪ. ಕೂಸಿಗೆ ಹಂಸವೇಣಿ ಅಂತ ಹೆಸರಿಟ್ಟೀವಿ,” ಎಂದಳು. ಬೈಯಲು ಬಂದಿದ್ದರೆ ಉತ್ತರ ಸಿದ್ಧವಿತ್ತು. ಕರ್ಜಿಕಾಯಿಗೆ ಏನು ಹೇಳುವುದು? ಅವಳು ಹೋದ ಮೇಲೆ ಒಂದನ್ನು ಬಾಯಿಗೆ ಹಾಕಿಕೊಂಡೆ. ಅರ್ಧ ಕಚ್ಚಿ, ಮಿಕ್ಕ ಅರ್ಧವನ್ನು ಪೊಟ್ಟಣಕ್ಕೇ ವಾಪಸು ಹಾಕಿದೆ.

ತಪಾಸಣೆಯ ದಿನ ಬಂತು. ಬಯಲಿನ ತುಂಬ ಹಂಸಗಳು, ತಳ್ಳುಗಾಡಿಯಲ್ಲಿ ಮಿರ್ಚಿ ಬಜ್ಜಿ, ಮಕ್ಕಳ ಕೈಯಲ್ಲಿ ಪೀಪಿ. ಫೇಲಾಗುವ ಭಯವಿಲ್ಲದ ಪರೀಕ್ಷೆಯಷ್ಟು ಸಂಭ್ರಮದ ಹಬ್ಬ ಬೇರೆ ಇಲ್ಲ. ಸಿಸ್ಟರ್ ಸರದಿಯಲ್ಲಿ ನಿಂತಿದ್ದರು. ಪ್ಲಾಸ್ಟರ್ ಬಿಚ್ಚಿದ್ದರೂ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತ್ತು. ಅವರ ಹಸಿರು ಹಂಸದ ಮೂತಿಯೂ ಸೊಟ್ಟಗಾಗಿತ್ತು, ಆದರೂ ಎಂಜಿನ್ ಪಟಪಟ ಎನ್ನುತ್ತಿತ್ತು, ಪತ್ರದ ಅವಧಿ ಇನ್ನೂ ಮುಗಿದಿರಲಿಲ್ಲವಲ್ಲ. ಬಿದ್ದ ಮೇಲೆ ಅವರು ಅದನ್ನು ಹತ್ತಿದ್ದು ಅದೇ ಮೊದಲ ಸಲ.

ಚಿದಾನಂದಯ್ಯ ಒಂದೊಂದೇ ಪ್ರಶ್ನೆ ಓದಿ ‘ಇದೆ, ಇದೆ’ ಎಂದು ಗುರುತು ಹಾಕುತ್ತ ಬಂದರು. ಮುದ್ರೆ ಎತ್ತಿದಾಗ ಸಿಸ್ಟರ್, “ಸಾರ್, ಇದನ್ನ ಫೇಲ್ ಮಾಡಿ,” ಎಂದರು.

ಚಿದಾನಂದಯ್ಯ ಕನ್ನಡಕದ ಮೇಲಿನಿಂದ ನೋಡಿದರು. ಪಾಸು ಮಾಡಿ ಎಂದು ಅತ್ತವರನ್ನು ಕಂಡಿದ್ದರು, ಕಾಲು ಹಿಡಿದವರನ್ನು ಕಂಡಿದ್ದರು, ಇಂಥದನ್ನು ಕಂಡಿರಲಿಲ್ಲ.

“ಯಾಕಮ್ಮ?”

“ಬ್ರೇಕ್ ಇಲ್ಲ. ನನ್ನ ಕೈ ನೋಡಿ.”

“ಕೈ ನಮೂನೆಯಲ್ಲಿ ಬರಲ್ಲಮ್ಮ. ರಾಡ್ ಇದೆ, ನೋಡಿದೆ.”

“ಒತ್ತಿ ನೋಡಿ.”

“ಒತ್ತಿ ನೋಡಬೇಕು ಅಂತ ಬರೆದಿಲ್ಲ. ಬರೆದಿಲ್ಲದ್ದನ್ನ ಮಾಡೋಕೆ ನಾನ್ಯಾರು ಹೇಳಿ? ನಲವತ್ತೊಂದಕ್ಕೆ ನಲವತ್ತೊಂದು ಇದೆ. ಫೇಲ್ ಮಾಡೋಕೆ ನನಗೂ ಒಂದು ಕಾರಣ ಬೇಕಲ್ಲ.”

ಸಿಸ್ಟರ್ ಚೀಲದಿಂದ ಒಂದು ಸ್ಕ್ರೂಡ್ರೈವರ್ ತೆಗೆದರು. ಎಡಗೈಯಿಂದ, ಯಾವ ಅವಸರವೂ ಇಲ್ಲದೆ, ಟ್ಯಾಂಕಿನ ಮೇಲಿನ ಹಿತ್ತಾಳೆಯ ಒಂದು ರೆಕ್ಕೆಯನ್ನು ಬಿಚ್ಚಿ ಅವರ ಮೇಜಿನ ಮೇಲಿಟ್ಟರು. “ಈಗ ಓದಿ ಸಾರ್. ಒಂಬತ್ತನೇದು.”

ಚಿದಾನಂದಯ್ಯ ರೆಕ್ಕೆ ನೋಡಿದರು, ಟ್ಯಾಂಕ್ ನೋಡಿದರು, ‘ಎರಡು ರೆಕ್ಕೆಗಳಿವೆಯೇ’ ಎಂಬ ಸಾಲಿನ ಮೇಲೆ ಬೆರಳಿಟ್ಟರು. ಪ್ರಾಮಾಣಿಕರು, ಪಾಪ, ಬೇರೆ ದಾರಿ ಇರಲಿಲ್ಲ. ‘ಇಲ್ಲ’ ಎಂದು ಬರೆದರು. ಕೆಂಪು ಮುದ್ರೆ ಬಿದ್ದ ಕ್ಷಣಕ್ಕೆ ಹಸಿರು ಹಂಸದ ಎಂಜಿನ್ ನಿಂತುಹೋಯಿತು.

ಹಂಸ ಫೇಲಾಯಿತು ಎಂಬ ಸುದ್ದಿ ಮಧ್ಯಾಹ್ನದ ಊಟಕ್ಕೆ ಮುಂಚೆ ಊರು ಸುತ್ತಿತು. ಸಿಸ್ಟರ್ ಮಣಿಕಟ್ಟು ಮುರಿದಾಗ ಯಾರ ಮುಖದಲ್ಲೂ ಕಾಣದ ದುಃಖ ಅಂದು ಎಲ್ಲರ ಮುಖದಲ್ಲಿ ಕಂಡಿತು. ಗಂಡಸರು ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತರು. ಪತ್ರಿಕೆಯವರು ‘ದಾಖಲೆಗೆ ಕಳಂಕ’ ಎಂದು ಬರೆದರು. ಜ್ವರ ಬಂದವರು ಆರೋಗ್ಯ ಕೇಂದ್ರದ ಕಡೆ ಸುಳಿಯದೆ, ಆ ನರ್ಸಮ್ಮನ ಕೈಯಿಂದ ಮಾತ್ರೆ ತಿನ್ನುವುದಕ್ಕಿಂತ ಜ್ವರವೇ ವಾಸಿ ಎಂದು ಮಲಗಿದರು. ನನ್ನ ಅಂಗಡಿಯ ಬೋರ್ಡಿನ ಮೇಲೆ ಯಾರೋ ಇದ್ದಿಲಿನಿಂದ ಗೀಟು ಎಳೆದಿದ್ದರು. ಸಂಜೆ ಹತ್ತು ಹನ್ನೆರಡು ಜನ ಹಿರಿಯರು ಬಂದು, ಫೇಲಾದ ಯಾವ ಗಾಡಿಯನ್ನಾದರೂ ತಪಾಸಣೆ ಕಳೆದ ಹದಿನೈದು ದಿನದೊಳಗೆ ಮರುತಪಾಸಣೆಗೆ ಒಯ್ಯಬಹುದಲ್ಲ, ನೀನೇ ಹೋಗಿ ಆ ರೆಕ್ಕೆ ಜೋಡಿಸಿ ಒಯ್ಯಿ, ದಾಖಲೆ ಸರಿಹೋಗುತ್ತದೆ ಎಂದು ಅಪ್ಪಣೆ ಮಾಡಿದರು. ನನಗೂ ಅದೇ ಸರಿಯೆನಿಸಿತ್ತು.

ಮರುದಿನ ಬೆಳಿಗ್ಗೆ ಪಾನಾ, ನಟ್ಟು, ಚಿದಾನಂದಯ್ಯನವರ ಮೇಜಿನಿಂದ ಹಿರಿಯರು ತಂದುಕೊಟ್ಟಿದ್ದ ರೆಕ್ಕೆ ಹಿಡಿದುಕೊಂಡು ಆರೋಗ್ಯ ಕೇಂದ್ರದ ಹಿಂದಿನ ಕ್ವಾರ್ಟರ್ಸಿಗೆ ಹೋದೆ. ಸಿಸ್ಟರ್ ಜಗಲಿಯ ಮೇಲೆ ಲಸಿಕೆಯ ಪುಸ್ತಕ ನೋಡುತ್ತ ಕೂತಿದ್ದರು. ಹಂಸ ಒಂದು ಗೋಡೆಗೆ, ಬಟ್ಟೆ ಮುಚ್ಚಿದ ತರಂಗ ಇನ್ನೊಂದು ಗೋಡೆಗೆ ಒರಗಿತ್ತು.

“ರೆಕ್ಕೆ ಹಾಕೋಕೆ ಬಂದ್ರಾ?”

“ಊರಿನವರು ಹೇಳಿ ಕಳಿಸಿದ್ರು ಸಿಸ್ಟರ್. ನಿಮಗೂ ಓಡಾಡೋಕೆ ಬೇಕಲ್ಲ.”

“ಕೂತ್ಕೊಳ್ಳಿ ಶಂಭಣ್ಣ,” ಎಂದು ಮಣೆ ತೋರಿಸಿದರು. “ನಿಮ್ಮ ಮನೆಯವರು ಯಾವ ಗಾಡಿಯಲ್ಲಿ ಓಡಾಡ್ತಾರೆ?”

ನಾನು ನಟ್ಟನ್ನು ಕೈಯಲ್ಲಿ ತಿರುಗಿಸಿದೆ. ಊರಿಗೆಲ್ಲ ಗೊತ್ತಿದ್ದ ವಿಷಯ, ಆದರೆ ಯಾರೂ ನನ್ನ ಎದುರಿಗೆ ಕೇಳಿರಲಿಲ್ಲ.

“ನಡ್ಕೊಂಡು ಹೋಗ್ತಾರೆ.”

“ನೀವು?”

“ನಾನೂ ನಡೆಯೋದೇ.”

ಅವರು ಪುಸ್ತಕ ನನ್ನ ಕಡೆಗೆ ತಿರುಗಿಸಿ ಒಂದು ಸಾಲು ತೋರಿಸಿದರು. ಹೊನ್ನವ್ವನ ಮಗು. ಆರನೆಯ ವಾರದ ಚುಚ್ಚುಮದ್ದಿನ ಜಾಗ ಖಾಲಿ, ಹತ್ತನೆಯ ವಾರದ್ದೂ ಖಾಲಿ. ಅದರ ಕೆಳಗೆ ಇನ್ನೂ ಹನ್ನೊಂದು ಹೆಸರು, ಅವುಗಳ ಮುಂದೆಯೂ ಖಾಲಿ. “ಮೇಲ್ಕೇರಿ ಪಕ್ಕದ ಹಾಡಿಯಲ್ಲಿ ನಾಯಿಕೆಮ್ಮು ಶುರುವಾಗಿದೆ. ಈ ಕೈಯಲ್ಲಿ ಡಬ್ಬಿ ಹೊತ್ತು ಗುಡ್ಡ ಹತ್ತೋಕೆ ಆಗ್ತಿಲ್ಲ. ರೆಕ್ಕೆ ಹಾಕೋದಾದ್ರೆ ಹಾಕಿ ಹೋಗಿ. ಆದರೆ ಆ ಗಾಡಿಯ ಹಿಂದೆ ಇನ್ನೊಬ್ಬರನ್ನ ನಾನು ಕೂರಿಸಲ್ಲ.”

ನಾನು ಎದ್ದು ಹಂಸದ ಹತ್ತಿರ ಹೋದೆ. ರೆಕ್ಕೆ ಕೈಯಲ್ಲೇ ಇತ್ತು. ಅದೇನಾಯಿತೋ ಹೇಳಲಾರೆ, ನಾನು ದೊಡ್ಡ ಮನಸ್ಸಿನವನೇನಲ್ಲ. ಹಂಸವನ್ನು ದಾಟಿ ಹೋಗಿ ತರಂಗದ ಮೇಲಿನ ಬಟ್ಟೆ ತೆಗೆದೆ. ರೆಕ್ಕೆಯನ್ನು ಅದರ ಟ್ಯಾಂಕಿನ ಮೇಲೆ ಇಟ್ಟು ನೋಡಿದೆ. ಚೆನ್ನಾಗಿ ಕಾಣಲಿಲ್ಲ. ಆದರೆ ಚೆನ್ನಾಗಿ ಕಾಣುತ್ತದೆಯೇ ಎಂಬ ಪ್ರಶ್ನೆ ಆ ನಲವತ್ತೊಂದರಲ್ಲಿ ಇಲ್ಲ.

ಆ ಎರಡೂ ಗಾಡಿಗಳನ್ನು ಲೇತ್ ಇಟ್ಟುಕೊಂಡಿದ್ದ ದಸ್ತಗೀರ್ ಸಾಹೇಬರ ಶೆಡ್ಡಿಗೆ ತಳ್ಳಿಸಿಕೊಂಡು ಹೋದೆ. ಊರಿನ ಹಂಸಗಳ ಮುರಿದ ಭಾಗಗಳನ್ನೆಲ್ಲ ಕಡೆದುಕೊಡುತ್ತಿದ್ದವರು ಅವರೇ. ನನ್ನ ಮಾತು ಕೇಳಿ ಅವರು ಬೀಡಿ ಆರಿಸಿದರು.

“ಒಳ್ಳೆ ಗಾಡಿಗೆ ಈ ಕಸ ಎಲ್ಲ ಅಂಟಿಸಬೇಕಾ?”

“ಹೌದು ಸಾಹೇಬ್ರೆ.”

“ಕೆಲಸ ಮಾಡೋ ಹಾಗಾ, ಮಾಡದೇ ಇರೋ ಹಾಗಾ?”

“ಇರಬೇಕು, ಅಷ್ಟೇ.”

“ಅಷ್ಟೇನಾ? ಇಷ್ಟು ವರ್ಷ ಅದನ್ನೇ ತಾನೆ ಮಾಡ್ಕೊಂಡು ಬಂದಿರೋದು,” ಎಂದು ಅವರು ವೆಲ್ಡಿಂಗ್ ಕನ್ನಡಕ ಹಾಕಿಕೊಂಡರು.

ನಾಲ್ಕು ದಿನ ಹಿಡಿಯಿತು. ತರಂಗದ ದೀಪದ ಮೇಲೆ ಹಂಸದ ದುಂಡು ದೀಪ, ಬೆಳಕಿಲ್ಲದ್ದು. ಬಲಗಡೆ ಒಂದು ಕಿಕ್ಕರ್, ಒದ್ದರೆ ಗಾಳಿಯನ್ನು ಒದೆಯುವಂಥದ್ದು. ಎರಡು ರೆಕ್ಕೆ. ಕೊನೆಗೆ ಹಿಂದಿನ ಚಕ್ರದ ಪಕ್ಕದಲ್ಲಿ, ಎರಡು ತುದಿಯೂ ಎಲ್ಲಿಗೂ ಸೇರದ, ಹೊಳೆಯುವ ಒಂದು ಬ್ರೇಕ್ ರಾಡ್. ಮದುವೆಗೆ ಇನ್ನೊಬ್ಬರ ಒಡವೆ ಹಾಕಿಕೊಂಡು ಬಂದವಳ ಹಾಗೆ ಗಾಡಿ ಕಾಣುತ್ತಿತ್ತು.

ಮರುತಪಾಸಣೆಗೆ ಊರೇ ನೆರೆದಿತ್ತು, ನಾನು ಹಸಿರು ಹಂಸವನ್ನು ತರುತ್ತೇನೆಂದು. ತರಂಗವನ್ನು ತಳ್ಳಿಕೊಂಡು ಬಂದಾಗ ಹಿರಿಯರೊಬ್ಬರು ನನ್ನನ್ನು ಹೆಸರು ಹಿಡಿದು ಕರೆದರು. ನಾನು ಆ ಕಡೆ ನೋಡಲಿಲ್ಲ. ಚಿದಾನಂದಯ್ಯ ನಮೂನೆ ತೆಗೆದರು. ದೀಪ ದುಂಡಗಿದೆಯೇ, ಇದೆ. ರೆಕ್ಕೆ, ಇವೆ. ಹದಿನೇಳಕ್ಕೆ ಬಂದಾಗ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಅವರು ಕುರ್ಚಿಯಿಂದ ಎದ್ದು ಬಂದು ಬಗ್ಗಿ ರಾಡನ್ನು ಬೆರಳಿನಿಂದ ಮುಟ್ಟಿದರು. ಅದು ಅಲ್ಲಾಡಿತು.

“ಇದು ಯಾವುದಕ್ಕೂ ಸೇರಿಲ್ಲವಲ್ಲ ಶಂಭಣ್ಣ.”

“ಸೇರಿರಬೇಕು ಅಂತ ಬರೆದಿದೆಯಾ ಸಾರ್?”

ಅವರು ನಮೂನೆ ನೋಡಲಿಲ್ಲ. ಅದು ಅವರಿಗೆ ಬಾಯಿಪಾಠ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. “ಬರೆದಿಲ್ಲ,” ಎಂದರು. ಉಳಿದ ಪ್ರಶ್ನೆಗಳನ್ನು ಓದಿ ಮುಗಿಸಿ ನೀಲಿ ಮುದ್ರೆ ಒತ್ತಿದರು. ಸಿಸ್ಟರ್ ಬಟನ್ ಒತ್ತಿದರು, ತರಂಗ ಒಂದೇ ಸಲಕ್ಕೆ ಸ್ಟಾರ್ಟಾಯಿತು.

ಪತ್ರ ಕೊಡುವಾಗ ಚಿದಾನಂದಯ್ಯ ನನ್ನ ಹತ್ತಿರಕ್ಕೆ ಬಗ್ಗಿ, “ನನ್ನ ಮಗಳಿಗೂ ಇಂಥದೇ ಒಂದು ಗಾಡಿ ಕೊಡಿಸಿದ್ದೆ. ಮೂರು ವರ್ಷದಿಂದ ಮನೆ ಮುಂದೆ ನಿಂತಿದೆ. ಫೇಲ್ ಮಾಡಿದವನು ನಾನೇ. ಆ ಸಾಹೇಬ್ರ ಶೆಡ್ಡು ಎಷ್ಟು ಹೊತ್ತಿಗೆ ತೆಗೀತಾರೆ?” ಎಂದರು. ಅವರ ಧ್ವನಿ ಅಷ್ಟು ಮೆತ್ತಗಿದ್ದುದನ್ನು ನಾನು ಕೇಳಿರಲಿಲ್ಲ.

ಸಿಸ್ಟರ್ ಲಸಿಕೆಯ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟರು. ಅಂದರೆ ಅಷ್ಟರೊಳಗೆ ನನ್ನನ್ನು ಹಿಂದೆ ಕೂರಿಸಿದ್ದರು. “ಕೈಗೆ ಭಾರ ತಡೆಯಲ್ಲ. ನೀವು ಹಿಡ್ಕೊಂಡು ಬನ್ನಿ,” ಎಂದಿದ್ದರು, ಕೇಳುವ ಧಾಟಿಯಲ್ಲಿ ಅಲ್ಲ. ಇಷ್ಟು ವರ್ಷ ಗಾಡಿ ಮಾರಿದ ನಾನು ಗಿರಣಿಯ ಇಳಿಜಾರನ್ನು ಗಾಡಿಯ ಮೇಲೆ ಇಳಿದಿರಲಿಲ್ಲ. ಇಳಿಯಲು ಶುರುವಾದ ಕೂಡಲೇ ಕಣ್ಣು ಮುಚ್ಚಿದೆ. ಗಾಳಿ ಕಿವಿಗೆ ಹೊಕ್ಕಿತು. ಮನೆದೇವರ ಹೆಸರು ಅರ್ಧ ಹೇಳಿದ್ದೆ, ಗಾಳಿ ನಿಂತಿತು. ನನ್ನ ಮೂಗು ಸಿಸ್ಟರ್ ಬೆನ್ನಿಗೆ ತಾಗಿತು. ಕಣ್ಣು ಬಿಟ್ಟರೆ ತೌಡಿನ ಮೂಟೆ ಎರಡು ಮಾರು ದೂರದಲ್ಲಿತ್ತು, ಗಾಡಿ ತನ್ನ ಪಾಡಿಗೆ ತಾನು ನಿಂತಿತ್ತು. ಬಡಿದ ಸದ್ದಿಗಾಗಿ ಕಾದು ಬಾಗಿಲಿಗೆ ಬಂದಿದ್ದ ಕೆಂಚಪ್ಪನಿಗೆ ಏನು ಕೇಳಬೇಕೆಂದು ತೋಚಲಿಲ್ಲ. ಗಾಡಿಯನ್ನೂ ಮೂಟೆಯನ್ನೂ ನೋಡಿ, “ಏನಾದ್ರೂ ಬೀಸೋದಿತ್ತಾ?” ಎಂದ.

ಮೇಲ್ಕೇರಿಯಲ್ಲಿ ಮೊದಲ ಮನೆಯೇ ಈರವ್ವನದು. ಸಿಸ್ಟರ್ ಒಳಗೆ ಹೋದರು. ನಾನು ಗಾಡಿಯ ಪಕ್ಕದಲ್ಲಿ ನಿಂತೆ. ಈರವ್ವ ಹೊಸ್ತಿಲು ದಾಟಿ ಬಂದು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಇದು ಯಾವ ಗಾಡಿನಪ್ಪ? ರೆಕ್ಕೆ ಐತೆ, ಆದ್ರೆ ಹಂಸ ಅಲ್ಲ ಅನ್ಸುತ್ತೆ.”

“ಹಂಸ ಅಲ್ಲ ಈರವ್ವ,” ಎಂದೆ. ಕರ್ಜಿಕಾಯಿಯ ದಿನ ಹೇಳಬೇಕಾಗಿದ್ದದ್ದು ಬಾಯಿಗೆ ಬಂತು. “ಅವತ್ತು ನಿನ್ನ ಮಗಳನ್ನ ಉಳಿಸಿದ್ದು ನಾನು ಮಾರಿದ ಗಾಡಿ ಅಲ್ಲ. ಅದರ ಬ್ರೇಕ್ ಹೋಗಿತ್ತು, ನನಗೆ ಗೊತ್ತಿತ್ತು. ಉಳಿಸಿದ್ದು ಸಿಸ್ಟರ್. ಇದು ನಿಲ್ಲೋ ಗಾಡಿ.”

ಈರವ್ವ ಉಗಿಯುತ್ತಾಳೆ ಎಂದುಕೊಂಡೆ, ಉಗಿದಿದ್ದರೆ ಹಗುರವಾಗುತ್ತಿತ್ತು.

“ನಿಲ್ಲೋದೇನು ದೊಡ್ಡದು ಬಿಡಪ್ಪ,” ಎಂದಳು. “ಎಂಟು ವಾರದಿಂದ ನಾವು ಈ ಬಾಗಿಲಲ್ಲಿ ನಿಂತೇ ಇದ್ದೀವಿ, ನರ್ಸಮ್ಮನ ದಾರಿ ನೋಡ್ಕೊಂಡು. ನಮಗ್ಯಾರೂ ಮುದ್ರೆ ಹಾಕಲಿಲ್ಲ.”

ಒಳಗೆ ಹಂಸವೇಣಿ ಚುಚ್ಚಿಸಿಕೊಂಡು ಕಿರುಚಿದಳು, ಗಟ್ಟಿಯಾದ ಗಂಟಲು. ಸಿಸ್ಟರ್ ಹೊರಗೆ ಬಂದು ಪುಸ್ತಕದಲ್ಲಿ ಎಡಗೈಯಿಂದ ಗುರುತು ಹಾಕಿ, “ಇನ್ನು ಹನ್ನೊಂದು. ಬನ್ನಿ ಶಂಭಣ್ಣ,” ಎಂದರು. ನಾನು ಡಬ್ಬಿ ಎತ್ತಿಕೊಂಡು ಅವರ ಹಿಂದೆ ಹೊರಟೆ. ಮುಂದಿನ ಮನೆಯ ಬಾಗಿಲಲ್ಲೂ ಯಾರೋ ನಿಂತಿದ್ದರು.